ಟಕ್ ಟಕ್ ನಿಂತ ಮಧ್ಯಾಹ್ನ

ಎಲ್ಲೋ ದೂರದಲ್ಲಿದ್ದವರಿಗೆ ಇಲ್ಲಿ ನಡೆದದ್ದು ತಾನಾಗಿ ಗೊತ್ತಾಯಿತಂತೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ, ಅಷ್ಟೇ. ನಂಬುತ್ತೇನೆ ಎಂದೂ ಹೇಳಲಾರೆ.

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಜಬೀವುಲ್ಲಾ ಬೈಕ್ ಮೆಕ್ಯಾನಿಕ್. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಒಂದು ಜೋಡಿ ಸುರಿನಾಮ್ ಕಪ್ಪೆ ಸಾಕಿದ್ದ. ನೀರು ಬಿಟ್ಟು ಮೇಲೆ ಬಾರದ ಜಾತಿ. ಒಣಗಿದ ಎಲೆಯಂತೆ ಚಪ್ಪಟೆ, ನೋಡಲು ಚೂರೂ ಚೆಂದವಿಲ್ಲ. ಆದರೆ ಹೆಣ್ಣು ತನ್ನ ಬೆನ್ನಿನ ಚರ್ಮದೊಳಗೇ ಮೊಟ್ಟೆ ಹುದುಗಿಸಿಕೊಂಡು ಮರಿ ಮಾಡುತ್ತದೆ! ಮೂರು ಸಲ ಮೊಟ್ಟೆಗಳು ಹಾಳಾಗಿ, ಆ ಸಲ ಮೊದಲ ಬಾರಿಗೆ ಬೆನ್ನು ಉಬ್ಬಿ ನಿಂತಿತ್ತು. ಗಂಡು ನೀರೊಳಗಿಂದಲೇ ಟಕ್ ಟಕ್ ಎನ್ನುತ್ತಿತ್ತು. ಜಬೀವುಲ್ಲಾ ಗಾಜಿಗೆ ಸ್ಕ್ರೂಡ್ರೈವರ್ ತಾಗಿಸಿ, ಅದರ ಹಿಡಿಗೆ ಕಿವಿಯಿಟ್ಟು ಇಂಜಿನ್ ಪರೀಕ್ಷಿಸುವವನ ಹಾಗೆ ಕೇಳುತ್ತ ಕೂರುತ್ತಿದ್ದ. ಅವನ ತಾಳ್ಮೆಗೆ ನಾನು ಮನಸೋತಿದ್ದೆ.

ಒಂದು ಭಾನುವಾರ ಹರಿಹರದಲ್ಲಿ ಮದುವೆಯೆಂದು ಅವನ ಮನೆಯವರೆಲ್ಲ ಹೊರಟರು. "ಅಕ್ಕಾ, ನೀರು ಕಮ್ಮಿ ಆದ್ರೆ ಡ್ರಮ್ಮಿಂದು ಹಾಕ್ರಿ" ಎಂದು ಬೀಗದ ಕೈ ಕೊಟ್ಟುಹೋದ.

ಮಧ್ಯಾಹ್ನ ಹೋದೆ. ಸರದಿಯಲ್ಲದ ದಿನ ಅಚಾನಕ್ಕಾಗಿ ನಲ್ಲಿಗೆ ನೀರು ಬಂದಿತ್ತು. ಹೊಸ ನೀರು ಬಂದರೆ ಹಳೆಯದನ್ನು ಚೆಲ್ಲಿ ತುಂಬಿಸಿಕೊಳ್ಳುವವರು ನಾವು. ಬಸುರಿ ಜೀವಕ್ಕೆ ಡ್ರಮ್ಮಿನಲ್ಲಿ ನಿಂತ ಎರಡು ದಿನದ ನೀರೇಕೆ ಎಂದು ಮರುಗಿ, ನಲ್ಲಿಯಿಂದ ಬಕೆಟ್ ತುಂಬಿಸಿ ಒಂದು ಚೊಂಬು ಸುರಿದೆ. ಟಕ್ ಟಕ್ ನಿಂತಿತು. ಎರಡನೇ ಚೊಂಬು ಎತ್ತಿದ್ದೆ, ಜಬೀವುಲ್ಲಾನ ಫೋನ್ ಬಂತು.

"ಅಕ್ಕಾ, ನಲ್ಲಿ ನೀರು ಹಾಕಬ್ಯಾಡ್ರಿ! ಅದ್ರಾಗೆ ಕ್ಲೋರಿನ್ ಔಷಧಿ ಇರ್ತೈತೆ, ಮರಿ ಸಾಯ್ತಾವೆ. ಡ್ರಮ್ಮಿನ ನೀರಾಗೆ ಅದು ಹಾರಿಹೋಗಿರ್ತೈತೆ. ಹಾಕಿದ್ದನ್ನ ತೆಗ್ದು ಡ್ರಮ್ಮಿಂದು ಹಾಕ್ರಿ."

"ನಿಂಗ್ಯಾರು ಹೇಳಿದ್ರೋ?"

"ಯಾರೂ ಇಲ್ಲಕ್ಕಾ. ಊಟಕ್ಕೆ ಕೂತಿದ್ದೆ. ಬೆಳಗ್ಗಿಂದ ಕಿವಿಯಾಗೆ ಟಕ್ ಟಕ್ ಅಂತಿತ್ತು, ಈಗ ನಿಂತ್ಹೋತು."

ಎತ್ತಿದ್ದ ಚೊಂಬನ್ನು ಬಕೆಟ್ಟಿಗೇ ಸುರಿದೆ. ಚೊಂಬುಗಟ್ಟಲೆ ನೀರು ತೆಗೆದು ಡ್ರಮ್ಮಿನದನ್ನು ತುಂಬಿಸಿದೆ. ಅರ್ಧ ಗಂಟೆ ಕಳೆದ ಮೇಲೆ ಗಂಡು ಮತ್ತೆ ಸದ್ದು ಮಾಡಿತು.

ಎರಡು ತಿಂಗಳಿಗೆ ಆ ತಾಯಿಯ ಬೆನ್ನು ಸೀಳಿಕೊಂಡು ಉಗುರಿನಷ್ಟು ಮರಿಗಳು ಒಂದೊಂದಾಗಿ ತಲೆ ಹೊರಗೆ ಹಾಕಿದವು. ಜಬೀವುಲ್ಲಾ ಅತ್ತುಬಿಟ್ಟ. ನಾನೂ ಅತ್ತೆ. ಅಂಥ ಅದ್ಭುತವನ್ನು ಇನ್ನೊಮ್ಮೆ ಕಂಡಿಲ್ಲ.

ಅವನು ಊಹಿಸಿದ್ದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅಂದು ನೀರು ಬರುತ್ತದೆಂದು ಬೀದಿಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ನಾನು ಮಾಡುತ್ತಿರುವುದು ತಪ್ಪೆಂದು ನನಗೇ ಗೊತ್ತಿರಲಿಲ್ಲ. ಒಮ್ಮೆ ಅವನನ್ನೇ ಕೇಳಿದೆ.

"ನಂಗೂ ಹೆದ್ರಿಕೆ ಆಗ್ತೈತಕ್ಕಾ, ಅದನ್ನ ಕೇಳಬ್ಯಾಡ್ರಿ" ಎಂದ.

ಮತ್ತೆ ಕೇಳಲಿಲ್ಲ. ಎತ್ತಿ ಹಿಡಿದಿದ್ದ ಆ ಎರಡನೇ ಚೊಂಬನ್ನು ನೆನೆದರೆ ಮಾತ್ರ ಈಗಲೂ ಎದೆ ಝಲ್ಲೆನ್ನುತ್ತದೆ.