ಅಕ್ಕನ ಸೇತುವೆ, ತಂಗಿಯ ಸುರಂಗ

ಹೊರಗೆ ಇನ್ನೂ ನಸುಕು. ಸುರಂಗದೊಳಗೆ ಮೊಣಕಾಲುದ್ದದ ಬೂಟು ತೊಟ್ಟು ಕೆಸರಿನಲ್ಲಿ ನಿಂತಿರುವ ಈಕೆ, ಗೋಡೆಯಲ್ಲಿ ಕೊರೆದ ಸಣ್ಣ ರಂಧ್ರದೊಳಕ್ಕೆ ಅಂಟು ಸವರಿದ ಮಾಪಕವನ್ನು ಉಸಿರು ಬಿಗಿಹಿಡಿದು ತಳ್ಳುತ್ತಿದ್ದಾರೆ. ಅಂಟು ಗಟ್ಟಿಯಾದ ಮೇಲೆ ಅದರ ಸುತ್ತ ಬಳೆಯಾಕಾರದಲ್ಲಿ ಕೊರೆದು ಕಲ್ಲನ್ನು ಬಿಡಿಸಬೇಕು. ಬೆಟ್ಟದ ಹಿಡಿತ ತಪ್ಪಿದೊಡನೆ ಆ ಕಲ್ಲು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮಾಪಕ ದಾಖಲಿಸುವ ಆ ಹಿಗ್ಗಿನಿಂದಲೇ ಬೆಟ್ಟದೊಳಗಿನ ಒತ್ತಡ ಎಷ್ಟು, ಯಾವ ಕಡೆಯಿಂದ ಎಂದು ತಿಳಿಯುವುದು. ಸುರಂಗ ಕುಸಿಯದಂತೆ ಕಲ್ಲನ್ನು ಹಿಡಿದಿಡಲು ಎಷ್ಟುದ್ದದ ಉಕ್ಕಿನ ಬೋಲ್ಟು ಹೊಡೆಯಬೇಕು ಎಂಬುದು ನಿರ್ಧಾರವಾಗುವುದು ಆಮೇಲೆ.

"ಕಲ್ಲು ನಿಟ್ಟುಸಿರು ಬಿಡತ್ತೆ. ಅದನ್ನ ಅಳೆಯೋದೇ ನನ್ ಕೆಲಸ," ಎನ್ನುತ್ತಾರೆ.

ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ದಿನಕ್ಕೊಂದು ಸರಿಯಾದ ಅಳತೆ ಸಿಕ್ಕರೆ ಪುಣ್ಯ. ಒದ್ದೆ ಕಲ್ಲಿಗೆ ಅಂಟು ಹಿಡಿಯದೆ ದಿನವಿಡೀ ಪಟ್ಟ ಪಾಡು ನೀರುಪಾಲಾಗುವುದೂ ಉಂಟು. ಸೊಂಟ ನೋವು, ಧೂಳಿಗೆ ಕಟ್ಟಿದ ಗಂಟಲು ಅಭ್ಯಾಸವಾಗಿವೆ. ಅಭ್ಯಾಸವಾಗದಿರುವುದು ಅಕ್ಕ.

ಅಕ್ಕ ಸೇತುವೆಗಳ ಎಂಜಿನಿಯರ್. ಅಮ್ಮನ ಮನೆಯಲ್ಲಿ ಟಿವಿಯ ಮೇಲುಗಡೆ ಅಕ್ಕನ ಸೇತುವೆಯ ಫೋಟೊ ಇದೆ. ಚಿಕ್ಕ ಮಗಳ ಬಗ್ಗೆ ಯಾರಾದರೂ ಕೇಳಿದರೆ ಅಮ್ಮ "ಅದೇನೋ ಕಲ್ಲಿನ ಕೆಲಸ" ಎಂದು ಕಾಫಿ ಮಾಡಲು ಏಳುತ್ತಾರೆ.

"ಹೊಟ್ಟೆಕಿಚ್ಚೇ, ಸುಳ್ಳು ಯಾಕೆ ಹೇಳ್ಲಿ? ಅಕ್ಕ ಕೆಟ್ಟೋಳಲ್ಲ. ಕೆಟ್ಟೋಳಾಗಿದ್ರೆ ಸುಲಭ ಆಗ್ತಿತ್ತು."

ಈ ಸುರಂಗದಲ್ಲಿ ಭಾರವೆಲ್ಲ ಮೇಲಿನಿಂದ, ಗೋಡೆ ಭದ್ರವಾದರೆ ಸಾಕು ಎಂದೇ ಎಲ್ಲರೂ ಅಂದುಕೊಂಡಿದ್ದರು, ಈಕೆಯೂ ಕೂಡ. ಅಳತೆ ಬೇರೆ ಹೇಳಿತು. ಬೆಟ್ಟ ಪಕ್ಕದಿಂದ ಹಿಂಡುತ್ತಿದೆ, ಹಾಗೆ ಹಿಂಡಿದಾಗ ಸಿಡಿಯುವುದು ಗೋಡೆಯಲ್ಲ, ಸುರಂಗದ ನೆತ್ತಿ. "ಇನ್ನೊಂದ್ಸಲ ನೋಡಿಬಿಡೋಣ ಮೇಡಂ," ಎಂದರು ಸುರಂಗದ ವಿನ್ಯಾಸಕಾರರು. ಮತ್ತೆರಡು ಕಡೆ ಕೊರೆದರೂ ಅದೇ ಉತ್ತರ. ನೆತ್ತಿಗೆ ಉದ್ದನೆಯ ಬೋಲ್ಟುಗಳೂ ಉಕ್ಕಿನ ಬಲೆಯೂ ಬಂದವು.

ಕಳೆದ ತಿಂಗಳು, ಕೆಳಗೆ ಏಳು ಮಂದಿ ಕೆಲಸದಲ್ಲಿದ್ದಾಗ ನೆತ್ತಿಯ ಕಲ್ಲು ಪಟಪಟನೆ ಸಿಡಿಯಿತು. ಬಲೆ ಜೋತುಬಿತ್ತು, ಹರಿಯಲಿಲ್ಲ. ಏಳೂ ಜನ ತಮ್ಮ ಕಾಲ ಮೇಲೆ ಹೊರಬಂದರು.

ಅಂದೇ ಅಕ್ಕನ ಹೊಸ ಸೇತುವೆಯ ಉದ್ಘಾಟನೆ. ಅಮ್ಮನ ಫೋನು: "ಟಿವಿ ಹಾಕೇ, ಅಕ್ಕ ಬರ್ತಿದ್ದಾಳೆ."

"ಅಮ್ಮ, ಇಲ್ಲೂ ಇವತ್ತು..."

"ಆಮೇಲೆ ಹೇಳುವಿಯಂತೆ, ಮೊದ್ಲು ನೋಡು."

ನೋಡಿದರು. ಕ್ಯಾಮೆರಾ ಮುಂದೆ ಅಕ್ಕ ತಡವರಿಸಿದಾಗ ಒಳಗೊಳಗೇ ಖುಷಿಯಾಯಿತಂತೆ, ಹಿಂದೆಯೇ ನಾಚಿಕೆಯೂ. "ಸೇತುವೆ ಎದ್ದು ನಿಂತ್ರೆ ಸುದ್ದಿ. ನಮ್ಮಲ್ಲಿ ಏನೂ ಬೀಳ್ಲಿಲ್ಲ ಅನ್ನೋದನ್ನ ಯಾರು ತೋರಿಸ್ತಾರೆ ಹೇಳಿ?"

ಮುಂದಿನ ವಾರ ಕಲ್ಲು ಸಿಡಿದ ಆ ಭಾಗದ ಗೋಡೆಗೂ ನೆತ್ತಿಗೂ ಒಳಗಿನಿಂದ ಕಾಂಕ್ರೀಟು ಹಾಕುತ್ತಾರೆ. ಬೋಲ್ಟು, ಬಲೆ ಎಲ್ಲ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಅದಕ್ಕೆ ಮೊದಲು ಅಕ್ಕನನ್ನು ಅಲ್ಲಿಗೆ ಕರೆತರುವುದೊಂದೇ ಆಸೆ.

"ಹೊಗಳೋದೆಲ್ಲ ಬೇಡ. ಅಲ್ಲಿ ನಿಂತ್ಕೊಂಡು ಒಂದ್ಸಲ ಮೇಲೆ ನೋಡ್ಲಿ. ಅವ್ಳೂ ಎಂಜಿನಿಯರ್ರೇ, ಅರ್ಥ ಆಗತ್ತೆ," ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾರೆ. "ಸ್ವಲ್ಪ ಹೊಟ್ಟೆ ಉರ್ಕೊಂಡ್ರೆ ಸಾಕು."