ಭಾವನ ಐದು ಸ್ಪೀಕರುಗಳು

ಮೊನ್ನೆ ನಮ್ಮ ಮನೆಗೆ ಹೊಸ ಸೌಂಡ್‌ಬಾರ್ ಬಂತು. ಪೆಟ್ಟಿಗೆ ಬಿಚ್ಚುವಾಗ ಥರ್ಮಾಕೋಲ್ ಕಿರ್ರೆಂದದ್ದಕ್ಕೆ ಚೆನ್ನೈನ ಗಿಂಡಿಯಲ್ಲಿರುವ ಭಾವ ನೆನಪಾದರು. ನಿಮ್ಮ ನೆಂಟರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಟಿವಿಯ ಸ್ವಂತ ಸದ್ದನ್ನು ತಮಗಾದ ಅವಮಾನವೆಂದು ತಿಳಿಯುವವರು.

ಭಾವ, ಅಂದರೆ ನಮ್ಮಕ್ಕನ ಗಂಡ, ರೈಲ್ವೆಯಿಂದ ನಿವೃತ್ತರಾದವರು. ಟಿ. ನಗರದಿಂದ ಒಂದು ಸೌಂಡ್‌ಬಾರ್ ತಂದರು. ಸಾಲದೆಂದು ಹಳೆಯ ಆಂಪ್ಲಿಫೈಯರಿಗೆ ನಾಲ್ಕು ಸ್ಪೀಕರು ಜೋಡಿಸಿ ಅದನ್ನೂ ಟಿವಿಗೆ ಸೇರಿಸಿದರು. ವಾರ್ತೆ ಓದುವವಳು ಬಾಯಿ ಮುಚ್ಚಿದ ಮೇಲೆ ಅವಳ ಕೊನೆಯ ಮಾತು ಸೋಫಾದ ಹಿಂದಿನಿಂದ ಬರುತ್ತಿತ್ತು. ಸರಿಪಡಿಸಲು ನನಗೇ ಕರೆ. ವಿಮಾ ಕಚೇರಿಯ ಗುಮಾಸ್ತನಾದ ನಾನು ಯಾರದೋ ಮದುವೆಯಲ್ಲಿ ಮೈಕ್ ರಿಪೇರಿ ಮಾಡಿ ಇಡೀ ವಂಶಕ್ಕೆ ಇಂಜಿನಿಯರನಾಗಿದ್ದೆ.

ಪ್ರತಿ ಭಾನುವಾರ ಹೋಗಿ ತುಟಿಗೂ ಮಾತಿಗೂ ತಾಳೆ ಹಾಕುತ್ತಿದ್ದೆ.

"ಈಗ ಸರಿಯಾಯ್ತಲ್ಲ ಭಾವ?"

"ಸ್ಪಷ್ಟ ಇಲ್ಲಪ್ಪಾ. ಇನ್ನೂ ಏರಿಸು."

ಅಕ್ಕ ಅಡುಗೆಮನೆಯಿಂದ ಹೇಳುತ್ತಿದ್ದಳು: "ಡಬ್ಬ ಚೆನ್ನಾಗೇ ಇದೆ ಕಣೋ. ಇವರ ಕಿವಿ ಪರೀಕ್ಷೆ ಮಾಡ್ಸು."

"ಕಾಫಿನಾ? ತಗೊಂಡು ಬಾ," ಎನ್ನುತ್ತಿದ್ದರು ಭಾವ.

ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕಿವಿಯ ವಿಷಯ ಎತ್ತಿದರೆ ನನ್ನ ಇಂಜಿನಿಯರ್ ಪದವಿಯೂ ಹೋಗುತ್ತಿತ್ತು, ಭಾನುವಾರದ ಬೋಂಡವೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಸದ್ದು ಏರಿಸಿದೆ.

ಹಾಗೊಂದು ಭಾನುವಾರ ಐದೂ ಸ್ಪೀಕರು ಒಟ್ಟಿಗೆ ಒಂದೇ ಮಾತಾಡಿದವು. ಭಾವ ಚಪ್ಪಾಳೆ ತಟ್ಟಿದರು. ನಾನು ಬೀಗಿದೆ. ಆಗ ಕೆಳಮನೆಯ ತಮಿಳು ಹೆಂಗಸು ಬಾಗಿಲು ಬಡಿದರು. ಸದ್ದಿನ ಬಗ್ಗೆ ಜಗಳಕ್ಕೇ ಬಂದರೆಂದು ನಾನು ಕ್ಷಮೆ ಕೇಳಲು ಶುರುಮಾಡಿದೆ.

"ಅಮ್ಮಾ ಕೂಪ್ಪಿಡ್ರಾಂಗ! ಒಂಗಳುಕ್ಕು ಕೇಕಲಿಯಾ?" ಎಂದರು ಅವರು. ಅಮ್ಮ ಕೂಗುತ್ತಿದ್ದಾರೆ, ನಿಮಗೆ ಕೇಳಿಸುತ್ತಿಲ್ಲವೇ ಎಂದು.

ಅಕ್ಕ ಬಚ್ಚಲುಮನೆಯಲ್ಲಿ ಜಾರಿಬಿದ್ದು ಕಾಲು ಗಂಟೆಯಾಗಿತ್ತು. ಮಣಿಕಟ್ಟು ಮುರಿದಿತ್ತು. ಅವಳ ಕೂಗು ಬಚ್ಚಲ ಕಿಟಕಿಯಿಂದ ಕೆಳಮನೆಗೆ ಇಳಿದಿತ್ತು. ಹತ್ತು ಹೆಜ್ಜೆ ದೂರದ ನಮಗೆ ಮುಟ್ಟಿರಲಿಲ್ಲ. ಭಾವನಿಗಾದರೂ ಕಿವಿ ಮಂದ. ನನ್ನವು ನೆಟ್ಟಗಿದ್ದವು.

ಅಕ್ಕನ ಕೈಗೆ ಪ್ಲಾಸ್ಟರ್ ಹಾಕಿಸಿದ ಮರುದಿನ ಭಾವ ತಾವಾಗಿಯೇ ಕಿವಿ ಡಾಕ್ಟರ ಹತ್ತಿರ ಹೋದರು. ಯಂತ್ರ ಹಾಕಿಕೊಂಡು ಮನೆಗೆ ಬಂದವರು ಬೆಚ್ಚಿ ಅಕ್ಕನನ್ನು ಕೇಳಿದರು, "ನಿನ್ನ ಗಂಟಲು ಯಾವಾಗಿಂದ ಇಷ್ಟು ಜೋರು?"

"ಮೂರು ವರ್ಷ ಕೂಗಿ ಕೂಗಿ ಹೀಗಾಯ್ತು ರೀ."

ಮೊನ್ನೆ ನಮ್ಮ ಸೌಂಡ್‌ಬಾರಿನ ಮುಂದೆ ಕೂತು ಸದ್ದು ಏರಿಸುತ್ತಿದ್ದೆ. ಒಳಗಿನಿಂದ ಹೆಂಡತಿ ಏನೋ ಅಂದಳು. ಟಿವಿ ನಿಲ್ಲಿಸಿ ಅಡುಗೆಮನೆಗೆ ಹೋದೆ.

"ಏನಂದೆ?"

"ಮೂರು ಸಲ ಹೇಳಾಯ್ತು. ಬಿಡಿ."

"ನಾಳೆ ನನ್ನ ಕಿವಿ ತೋರಿಸ್ಕೊಂಡು ಬರೋಣ," ಎಂದೆ. ಅವಳು ಸೌಟು ಕೆಳಗಿಟ್ಟು, ಒಲೆ ಆರಿಸಿ, ಮೊದಲಿಂದ ಹೇಳತೊಡಗಿದಳು.