ಅವಳ ಕೈಯಲ್ಲಿ ಮಲಗಿದ ಅಣುಗಳು

ದೆಹಲಿಯ ನಮ್ಮ ಪ್ರಯೋಗಾಲಯದಲ್ಲಿ ಬೆಳಕು ಚೆಲ್ಲುವ ಹೊಸದೊಂದು ಅಣುವನ್ನು ತಯಾರಿಸಿದವಳು ನಾನು. ಅದನ್ನು ಆವಿಯಾಗಿಸಿ ಗಾಜಿನ ಮೇಲೆ ತೆಳುಪದರವಾಗಿ ಕೂರಿಸುತ್ತಿದ್ದವಳು ನನ್ನ ಸಹಸಂಶೋಧಕಿ, ದೆಹಲಿಯದೇ ಪೀತಮ್‌ಪುರಾ ಬಡಾವಣೆಯಲ್ಲಿ ಬೆಳೆದ ಕನ್ನಡದ ಹುಡುಗಿ. ಅಣುಗಳು ಗಾಜಿನ ಮೇಲೆ ಚಪ್ಪಟೆಯಾಗಿ ಮಲಗಿದರೆ ಹೆಚ್ಚು ಬೆಳಕು ಹೊರಬರುತ್ತದೆ. ಅಡ್ಡಾದಿಡ್ಡಿ ನಿಂತರೆ ಬಹುಪಾಲು ಒಳಗೇ ಉಳಿಯುತ್ತದೆ. ನಾನು ಮಾಡಿದ ಪದರ ಮಂಕಾಗಿರುತ್ತಿತ್ತು, ಅವಳದು ಹೊಳೆಯುತ್ತಿತ್ತು.

ಪದರ ಕೂರಿಸುವ ಯಂತ್ರದ ಕಿಟಕಿಗೆ ಹಣೆಯಾನಿಸಿ ಅವಳು ಪ್ರತಿಸಲವೂ ಹೇಳುತ್ತಿದ್ದುದು ಒಂದೇ ಮಾತು: "ಚಲೋ, ಆರಾಮ್ ಸೆ ಮಲಗಲಿ."

ಅಷ್ಟೇ ಬಿಸಿ, ಅಷ್ಟೇ ವೇಗ ಇಟ್ಟುಕೊಂಡು, ಅವಳಂತೆ ಹಣೆಯನ್ನೂ ಆನಿಸಿ ನೋಡಿದೆ. ನಾನೇ ಹುಟ್ಟಿಸಿದ ಅಣು ನನ್ನ ಮಾತು ಕೇಳಲಿಲ್ಲ.

ಹೊರಗಿನ ತಜ್ಞರು ಬಂದ ದಿನ ನಮ್ಮ ಗೈಡ್ ಅವಳ ಪದರಕ್ಕೇ ವಿದ್ಯುತ್ ಹರಿಸಿದರು. ಹಸಿರು ಬೆಳಕು ನೋಡಲು ಎಲ್ಲರೂ ಬಾಗಿದರು.

"ಯಾರ ಕೆಲಸ ಇದು?" ಎಂದರು ತಜ್ಞರು.

"ಅಣು ಇವಳದು ಸರ್. ನಾನು ಕೋಟಿಂಗ್ ಮಾಡಿದೆ ಅಷ್ಟೆ" ಎಂದು ಅವಳು ನನ್ನನ್ನು ಮುಂದಕ್ಕೆ ತಳ್ಳಿದಳು.

ಅವರು ನನ್ನ ಕೈ ಕುಲುಕಿದರು. ಅಂಥ ಮಾತನ್ನು ಅವಳು ಅಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ನನಗೆ ಇನ್ನಷ್ಟು ಹೊಟ್ಟೆ ಉರಿಯಿತು.

"ಚಾಯ್‌ಗೆ ಬರ್ತೀಯಾ?" ಎಂದಳು ಆಮೇಲೆ.

ಕೆಲಸವಿದೆ ಎಂದು ಹೇಳಿ ಒಬ್ಬಳೇ ಕುಳಿತೆ.